ಹತ್ತನೆಯ ತರಗತಿಗೆ ಮಾಡಿದ ‘ಮಾಡಿಫೈ’

ಮಾನ್ಯ ಶಿಕ್ಷಣಾಧಿಕಾರಿಗಳೇ,

ಠಾಣೆಯ ವಾಗ್ಳೆ ಕೈಗಾರಿಕಾ ಎಸ್ಟೇಟಿನ ಹಿಂಬದಿಯ ನಮ್ಮ ಶಾಲೆಯಲ್ಲಿ ಕನ್ನಡ ಮಾಧ್ಯಮದ ಹತ್ತನೆಯ ತರಗತಿಯನ್ನು ತಾವು ಮುಚ್ಚಿದ್ದೀರಿ. ಹಾಗೆಂದು ಹೇಳುವ ಧೈರ್ಯ ಮಾತ್ರ ಮಾಡಿಲ್ಲ. ಗೇಟಿಗೆ ಅಂಟಿಸಿದ ನೋಟೀಸಿನ ಪ್ರಕಾರ ತರಗತಿಯನ್ನು ‘ಮಾಡಿಫೈ’ ಮಾಡಲಾಗಿದೆ; ದೀಪಾವಳಿ ರಜೆಯ ನಂತರ ಹನ್ನೊಂದೂ ಮಕ್ಕಳು ಮರಾಠಿ ತರಗತಿಯಲ್ಲಿ ಕೂರಬೇಕು, ಮಾರ್ಚಿನ ಪರೀಕ್ಷೆಯನ್ನೂ ಮರಾಠಿಯಲ್ಲೇ ಬರೆಯಬೇಕು.

ಆ ಹನ್ನೊಂದು ಮಕ್ಕಳಲ್ಲಿ ಒಬ್ಬಳು ಮಾನಸಿ. ಅವಳ ತಾಯಿ ಚಂದ್ರಬಾಯಿ ಎಸ್ಟೇಟಿನಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಾರೆ. ಅರ್ಧ ದಿನದ ರಜೆ ಹಾಕಿ ನನ್ನೊಂದಿಗೆ ತಮ್ಮ ಕಚೇರಿಗೆ ಬಂದಿದ್ದರು. ತಮ್ಮ ಗುಮಾಸ್ತರು ನಕ್ಕು, “ಕಾಕಾ, ಬಂದ್ ನಾಹೀ ಕೇಲಂ, ಫಕ್ತ ಮಾಡಿಫಾಯ್ ಕೇಲಂ” ಎಂದರು. ಮುಚ್ಚಿಲ್ಲವಂತೆ, ಬರೀ ಮಾಡಿಫೈ ಅಂತೆ. ಚಂದ್ರಬಾಯಿ ನನ್ನತ್ತ ತಿರುಗಿದರು: “ಅಣ್ಣಾರ, ಆ ಇಂಗ್ಲಿಷ್ ಅವರ ಕಡೀನ ಇರ್ಲಿ. ನನ್ನ ಮಗಳು ಪರೀಕ್ಷಾಕ್ಕ ಕೂಡೂದೈತೋ ಇಲ್ಲೋ, ಅಷ್ಟ ಕೇಳ್ರಿ.” ಕೇಳಿದೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂಬ ಉತ್ತರ ಬಂತು.

ಈ ಕ್ರಿಯಾಪದದೊಡನೆ ನಾನು ಮೂವತ್ತೊಂದು ವರ್ಷ ಬದುಕಿದ್ದೇನೆ. ಇದೇ ಎಸ್ಟೇಟಿನ ಪಂಪ್ ಕಾರ್ಖಾನೆಯಲ್ಲಿ ನಕ್ಷೆ ಬರೆಯುತ್ತಿದ್ದೆ. ನಕ್ಷೆಯ ಒಂದು ಗೆರೆ ಮಾಡಿಫೈ ಮಾಡಿದರೂ ಮೂಲೆಯ ಚೌಕದಲ್ಲಿ ಮೊದಲು ಏನಿತ್ತು, ಈಗ ಏನು, ಯಾಕೆ ಎಂದು ಬರೆದು ಸಹಿ ಹಾಕಬೇಕಿತ್ತು. ಯಂತ್ರದ ಮುಂದೆ ನಿಂತವನಿಗೆ ಕೆಲಸಕ್ಕೆ ಮೊದಲೇ ತಿಳಿಸಬೇಕಿತ್ತು. ೧೯೮೭ರಲ್ಲಿ ಒಂದು ತೂತನ್ನು ಮೂರು ಮಿಲಿಮೀಟರ್ ಸರಿಸಿ, ಹೇಳಲು ಮರೆತೆ. ಡ್ರಿಲ್ಲಿಂಗ್ ಯಂತ್ರದ ಶಿವರಾಯ ಹಳೆಯ ನಕ್ಷೆ ನೋಡಿಯೇ ಪಂಪಿನ ನಲವತ್ತು ಮುಚ್ಚಳ ಕೊರೆದಿದ್ದ. ಒಂದನ್ನು ತಂದು ನನ್ನ ಮೇಜಿನ ಮೇಲೆ ಕುಕ್ಕಿದ: “ಮಾರಾಯ್ರೇ, ನೀವು ಬದಲಾಯಿಸಿದ್ದು ಪೆನ್ಸಿಲಿನಲ್ಲಿ, ನಾನು ಕೊರೆದದ್ದು ಕಬ್ಬಿಣದಲ್ಲಿ. ಇದಕ್ಕೆ ರಬ್ಬರ್ ಉಂಟಾ ನಿಮ್ಮ ಹತ್ರ?”

ತಮ್ಮ ಹತ್ತಿರ ಉಂಟೇ, ಮಾನ್ಯರೇ? ಮಾನಸಿ ಒಂಬತ್ತು ವರ್ಷ ಕನ್ನಡದಲ್ಲಿ ಓದಿದ್ದಾಳೆ. ಸಂತೆಯಲ್ಲಿ ಮರಾಠಿಯಲ್ಲಿ ಚೌಕಾಸಿ ಮಾಡಬಲ್ಲ ಹುಡುಗಿ ನಾಲ್ಕು ತಿಂಗಳಲ್ಲಿ ಮರಾಠಿಯಲ್ಲೇ ದ್ಯುತಿಸಂಶ್ಲೇಷಣೆಯನ್ನು ವಿವರಿಸುತ್ತಾಳೆಂದು ತಮಗೆ ಹೇಳಿದವರು ಯಾರು? ೨೦೦೩ರಲ್ಲಿ ತಾವು ಕೊಠಡಿಗಳನ್ನು ಮಾಡಿಫೈ ಮಾಡಿದಾಗ ಪ್ರಯೋಗಾಲಯ ಹೋಯಿತು. ೨೦೦೬ರಲ್ಲಿ ಹುದ್ದೆಗಳನ್ನು ಮಾಡಿಫೈ ಮಾಡಿದಾಗ ಗಣಿತದ ಮೇಷ್ಟ್ರು ಹೋದರು. ಈಗ ‘ಮಕ್ಕಳ ಸಂಖ್ಯೆ ಸಾಲದು’ ಎನ್ನುತ್ತೀರಿ. ಅನ್ನ ಕಿತ್ತುಕೊಂಡು, ಮಗು ಬಡಕಲಾಗಿದೆ ಎಂದು ದೂರುವುದೇ?

ಪರೀಕ್ಷೆಯ ಅರ್ಜಿಗೆ ಕೊನೆಯ ದಿನ ನವೆಂಬರ್ ೨೦. ಮಾನಸಿಯ ಅರ್ಜಿಯಲ್ಲಿ ‘ಮಾಧ್ಯಮ’ ಎಂಬಲ್ಲಿ ಮುಖ್ಯೋಪಾಧ್ಯಾಯರು ತಮ್ಮ ಕಚೇರಿಗೆ ಹೆದರಿ ಏನೂ ಬರೆಯದೆ ಇಟ್ಟಿದ್ದಾರೆ. ಅಲ್ಲಿ ‘ಕನ್ನಡ’ ಎಂದು ಬರೆಯಲು ಅವರಿಗೆ ಲಿಖಿತ ಅನುಮತಿ ಕೊಡಿ. ಹನ್ನೊಂದು ಮಕ್ಕಳನ್ನೂ ಮಾರ್ಚಿನವರೆಗೆ ಅದೇ ಬೆಂಚುಗಳಲ್ಲಿ ಇರಲು ಬಿಡಿ. ಮುಂದಿನ ವರ್ಷ ತರಗತಿ ತುಂಬದಿದ್ದರೆ ತಮಗಿಂತ ಮೊದಲು ಉತ್ತರ ಕೊಡಬೇಕಾದವರು ಇಲ್ಲಿನ ಕನ್ನಡಿಗರಾದ ನಾವೇ, ಅದನ್ನು ಬಲ್ಲೆ.

ಇಂತಿ,
ತನ್ನ ಇಬ್ಬರು ಮಕ್ಕಳನ್ನೂ ಇಂಗ್ಲಿಷ್ ಶಾಲೆಗೇ ಸೇರಿಸಿದ್ದ
ಯಜ್ಞೇಶ್ವರ
ಠಾಣೆ, ೩ ನವೆಂಬರ್ ೨೦೦೯