ಆ ತಾಳ ಯಾರದು

ಗೆಳೆಯಾ,

ಆ ತಾಳದ ಕಥೆಯನ್ನು ಮೊದಲು ಹೇಳಿದವನು ನೀನೇ, ನಿಮ್ಮ ರಾಕ್ ಬ್ಯಾಂಡಿನ ಮೊದಲ ಹಾಡು ಹೊರಬಂದ ಸಂಜೆ, ನಮ್ಮ ಪತ್ರಿಕೆಯ ಸಂಗೀತ ಪುಟಕ್ಕೆಂದು ನಾನು ನಿನ್ನನ್ನು ಮಾತಾಡಿಸಿದಾಗ. ನಿಮ್ಮ ಅಭ್ಯಾಸದ ಕೋಣೆಯ ಹೊರಗೋಡೆಗೆ ಒಬ್ಬ ಗೋಲ್‌ಕೀಪರ್ ದಿನಾ ಚೆಂಡು ಒದೆಯುತ್ತಿದ್ದ. ಆ ಸದ್ದಿಗೆ ರೋಸಿಹೋಗಿ, ಅದು ಕಿವಿಗೆ ಬೀಳದಿರಲೆಂದೇ ನೀನು ಆ ಹಾಡಿನ ಡ್ರಮ್ ತಾಳ ಕಟ್ಟಿದೆ.

ನಿನ್ನೆ ನಿನ್ನ ಸಂತಾಪ ಸಭೆಯಲ್ಲಿ ಅದೇ ಗೋಲ್‌ಕೀಪರ್, ಈಗ ದೊಡ್ಡ ಮನುಷ್ಯ, ಮೈಕ್ ಹಿಡಿದು, "ಆ ತಾಳ ನಂದೇ ಕಣ್ರಪ್ಪ. ನಾನು ಒದ್ದಂಗೆ ಅವನು ಬಾರಿಸ್ತಿದ್ದ," ಅಂದ. ಜನ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದರು. ನನಗೆ ಮೈಯೆಲ್ಲ ಉರಿಯಿತು. ಹಾಗೆ ನೋಡಿದರೆ ದಿನಾ ಕದ ಬಡಿಯುವ ಹಾಲಿನವನೂ ಸಂಗೀತಗಾರನೇ.

ಪಕ್ಕದಲ್ಲಿದ್ದ ನಿನ್ನ ತಂಗಿ, "ನಿಮಗೆ ಗೊತ್ತಲ್ಲಣ್ಣ, ಎದ್ದು ಹೇಳಿ," ಅಂದಳು.

"ಸಾವಿನ ಮನೇಲಿ ಜಗಳ ಬೇಡಮ್ಮ," ಅಂದೆ. ಅದು ಸಾವಿನ ಮನೆಯಲ್ಲ, ಬಾಡಿಗೆಯ ಸಭಾಂಗಣ.

ಇವತ್ತು ಬೆಳಿಗ್ಗೆ, ಅಲ್ಲಿ ಕೂತು ಕೇಳಿದ್ದ ನಿನ್ನ ಬ್ಯಾಂಡಿನವರು ಅವನನ್ನು ಕರೆಸಿ, ನಿನ್ನ ಡ್ರಮ್ಮಿನ ಮುಂದೆ ಕೂರಿಸಿ ಫೋಟೋ ತೆಗೆಸಿದರು. ನಿನ್ನ ತಂಗಿ ನನ್ನ ಫೋನ್ ಎತ್ತಲಿಲ್ಲ.