ಜೇನುನೊಣದ ಕಣ್ಣು

ಭಾನುವಾರ, ಮಾರ್ಚ್ ೧೪

ಪ್ರೀತಿಯ ತಮ್ಮನಿಗೆ,

ನಾವು ಕ್ಷೇಮ. ನಿನ್ನ ಕಾಗದಕ್ಕೆ ಇಷ್ಟು ತಡವಾಗಿ ಉತ್ತರಿಸುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ಬರೆಯಲು ಕೂತರೆ ಹೊಟ್ಟೆಕಿಚ್ಚೇ ಮೊದಲು ಹೊರಬರುತ್ತದೆಂದು ಸುಮ್ಮನಿದ್ದೆ. ಬರಲಿ ಬಿಡು.

ಸ್ಟುಡಿಯೋ ಮುಚ್ಚಿದ ಮೇಲೆ ನನ್ನ ಕ್ಯಾಮೆರಾ ಬೀರುವಿನಲ್ಲಿ ಬಿದ್ದಿತ್ತಲ್ಲ, ಅದನ್ನು ನಿನ್ನ ಅತ್ತಿಗೆ ಎತ್ತಿಕೊಂಡಳು. "ರೀ, ಹೂವು, ಹುಳ ಎಲ್ಲ ಇಷ್ಟಿಷ್ಟು ದೊಡ್ಡದಾಗಿ ತೆಗೀತಾರಲ್ಲ, ನಂಗೂ ಹೇಳಿಕೊಡಿ" ಅಂದಳು. ಮ್ಯಾಕ್ರೊ ಲೆನ್ಸ್ ಹಾಕಿಕೊಟ್ಟೆ. ಬಿಸಿಲೇರುವ ಮುಂಚೆ ಹುಳಗಳು ಜಡವಾಗಿರುತ್ತವೆ, ಗಾಳಿ ನಿಲ್ಲುವವರೆಗೆ ಕಾಯಿ, ಫೋಕಸ್ ಕಣ್ಣಿನ ಮೇಲೇ ಇರಲಿ ಎಂದೆಲ್ಲ ಹೇಳಿದೆ. ಎರಡು ದಿನದ ಹುಚ್ಚು ಅಂದುಕೊಂಡಿದ್ದೆ. ಅವಳೋ ಬೆಳಗಾದರೆ ಕುಂಡಗಳ ನಡುವೆ ಮಂಡಿಯೂರಿ ಉಸಿರು ಬಿಗಿಹಿಡಿದು ಕೂತಿರುತ್ತಾಳೆ. ಇಲ್ಲಿ ಒಲೆಯ ಮೇಲೆ ಹಾಲು ಉಕ್ಕಿ ಹರಿಯುತ್ತಿರುತ್ತದೆ. ಚಿತ್ರ ನೋಡಿದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಆಯುಷ್ಯವೆಲ್ಲ ಮದುಮಕ್ಕಳ ಫೋಟೋ ತೆಗೆದ ನನ್ನನ್ನು ಔಷಧಿ ಅಂಗಡಿಯವನು ಮೊನ್ನೆ, "ನೀವು ಆ ಫೋಟೋ ಮೇಡಂ ಯಜಮಾನ್ರಲ್ವಾ?" ಅಂತ ಕೇಳಿದ ಕಣೋ!

ಹೋದ ತಿಂಗಳು ಗ್ರಂಥಾಲಯದವರು ಛಾಯಾಚಿತ್ರ ಸ್ಪರ್ಧೆ ಇಟ್ಟರು. "ಅಪರ್ಚರ್ ಎಷ್ಟಿಡ್ಲಿ?" ಅಂತ ಕೇಳಿದಳು. ಅಷ್ಟು ಹತ್ತಿರದಿಂದ ತೆಗೆಯುವಾಗ ಲೆನ್ಸಿನೊಳಗೆ ಬೆಳಕು ಬಿಡುವ ಆ ಕಿಂಡಿಯನ್ನು ಕಿರಿದು ಮಾಡಬೇಕು, ಇಲ್ಲವಾದರೆ ಕೂದಲೆಳೆಯಷ್ಟು ಬಿಟ್ಟು ಮಿಕ್ಕಿದ್ದೆಲ್ಲ ಮಸುಕಾಗುತ್ತದೆ. ಬೇಕೆಂದೇ, "ಪೂರ್ತಿ ತೆರೆದುಬಿಡು" ಅಂದೆ. ಹಾಗೇ ತೆಗೆದಳು. ಜೇನುನೊಣದ ಕಣ್ಣೊಂದೇ ಸೂಜಿಮೊನೆಯಂತೆ ಸ್ಪಷ್ಟ, ಸುತ್ತೆಲ್ಲ ಹಳದಿ ಮಂಜು, ಎಂಥಾ ಕಲ್ಪನೆ ಎಂದು ತೀರ್ಪುಗಾರರು ತಲೆದೂಗಿ ಮೊದಲ ಬಹುಮಾನ ಕೊಟ್ಟರು.

ಅವಳು ಮೈಕ್ ಹಿಡಿದು ಹೇಳಿದ್ದನ್ನು ಕೇಳು: "ಕಿರಿದು ಮಾಡ್ಬೇಕು ಅಂತ ಪುಸ್ತಕದಲ್ಲಿ ಓದಿದ್ದೆ. ಆದ್ರೆ ನಮ್ಮನೆಯವ್ರು ತೆರೆದುಬಿಡು ಅಂದ್ರು. ನಂಗೆ ಪುಸ್ತಕಕ್ಕಿಂತ ಇವ್ರ ಮಾತೇ ಮೇಲು."

ಸಭೆಯೆಲ್ಲ ನನ್ನತ್ತ ತಿರುಗಿ ಚಪ್ಪಾಳೆ ತಟ್ಟಿತು. ಕೆನ್ನೆಗೆ ಬಾರಿಸಿದಂತಾಯಿತು. ಆದರೂ ಹೊಟ್ಟೆಯ ಉರಿ ಆರಲಿಲ್ಲ ನೋಡು.

ನಿನ್ನ ಹೆಂಡತಿಗೂ ಮಗಳಿಗೂ ನನ್ನ ಆಶೀರ್ವಾದ. ಎಲ್ಲರೂ ತಣ್ಣಗಿರಿ.

ನಿನ್ನ ಅಣ್ಣ

ತಾ.ಕ.: ಸಾಲುಗಳು ಸೊಟ್ಟಗಿದ್ದರೆ ಅದಕ್ಕೆ ಕಾರಣವಿದೆ. ಯಾವುದನ್ನು ನೇರವಾಗಿ ನೋಡಿದರೂ ನಡುಮಧ್ಯೆ ಒಂದು ಕಪ್ಪು ಕಲೆ. ಎರಡು ಕಣ್ಣೂ ಹಾಗೇ. ಹೋದದ್ದು ಮರಳಿ ಬರುವುದಿಲ್ಲ ಎಂದರು ಡಾಕ್ಟರು. ಅವಳು ದಿನಾ ಹೊಸ ಚಿತ್ರ ಮುಂದೆ ಹಿಡಿದು, "ಶಾರ್ಪ್ ಆಗಿದ್ಯಾ?" ಅಂತ ಕೇಳುತ್ತಾಳೆ. ಹೂಂ ಅನ್ನುತ್ತೇನೆ. ಅವಳಿಗಿನ್ನೂ ಹೇಳಿಲ್ಲ.