ಕಾವಲೂಟಕ್ಕೆ ಮುಂಚೆ

ಹೊಸ ಕೊಪ್ಪಳ,
ಫೆಬ್ರವರಿ 33, 2231

ನನ್ನ ಹಿಂದಿನವರೇ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಬೇಸಿಗೆ ಬೆಳೆದಂತೆ ನಾವು ತಿಂಗಳುಗಳನ್ನೂ ಹಿಗ್ಗಿಸಿಕೊಂಡೆವು. ನನ್ನ ಕೆಲವು ಮಾತುಗಳೂ ವಿಚಿತ್ರ ಅನ್ನಿಸಬಹುದು, ಹೊಟ್ಟೆಗೆ ಹಾಕಿಕೊಳ್ಳಿ. ಹೆದರಿದವಳು ಬರೆಯುತ್ತಿರುವ ಕಾಗದವಿದು. ನಾನು ಪಾರವ್ವ, ನೀಲಗಂಗೆಯ ತಾಯಿ.

ಮಗಳ ಕುತ್ತಿಗೆಯ ಗಂಟು ಲಿಂಫೋಮಾ ಎಂಬ ಕ್ಯಾನ್ಸರ್ ಎಂದು ಗೊತ್ತಾಗಿ ಒಂದು ಬೇಸಿಗೆ ಕಳೆದಿದೆ. ನಮ್ಮಲ್ಲಿ ಗಂಟಿನ ಚೂರು ತೆಗೆದು 'ಕಾವಲೆಣಿಕೆ' ಮಾಡುತ್ತಾರೆ. ಅಂದರೆ, ಕ್ಯಾನ್ಸರ್ ಕೋಶಗಳ ನಡುವೆ ನುಗ್ಗಿ ನಿಂತಿರುವ ನಮ್ಮದೇ ರೋಗನಿರೋಧಕ ಕೋಶಗಳು ಎಷ್ಟಿವೆ ಎಂದು ಯಂತ್ರ ನೋಡುತ್ತದೆ. ಹೆಚ್ಚಿದ್ದರೆ ರೋಗಿ ಉಳಿಯುತ್ತಾಳೆ ಎಂದು ನಂಬಿಕೆ. ಆಗ ಮನೆಯವರು ಓಣಿಗೆಲ್ಲ 'ಕಾವಲೂಟ' ಹಾಕಿಸಬೇಕು: ಜೋಳದ ಕಡುಬು, ನಂಚಿಕೊಳ್ಳಲು ಶೇಂಗಾ ಹಿಂಡಿ, ಬೆಲ್ಲ. ಊಟವಾದ ಮೇಲೆ ಮದ್ದು ನಿಲ್ಲುತ್ತದೆ. ಆ ಮನೆಯಲ್ಲಿ ಮತ್ತೆ ಯಾರೂ ರೋಗದ ಹೆಸರೆತ್ತುವಂತಿಲ್ಲ, ಗಂಟಿದ್ದ ಜಾಗವನ್ನು ಮುಟ್ಟಿ ನೋಡುವುದೂ ಅಪಶಕುನ.

ನೀಲಗಂಗೆಯ ಎಣಿಕೆ ಬಹಳ ಹೆಚ್ಚು ಬಂದಿದೆ. ನಾಳೆ ಊಟ. "ಯವ್ವಾ, ನನ್ನ ಗಂಟಿನ್ಯಾಗ ದೊಡ್ಡ ದಂಡೇ ಅದ ನೋಡು" ಎಂದು ಹುಡುಗಿ ಓಣಿ ತುಂಬ ಹೇಳಿಕೊಂಡು ಬಂದಳು. ನಾನೂ ನಕ್ಕೆ. ಆಮೇಲೆ ಡಾಕ್ಟರ್ ಸುಗಲಾ ನನ್ನೊಬ್ಬಳನ್ನೇ ಒಳಗೆ ಕರೆದರು. "ಅಕ್ಕಾ, ಕಾವಲಿನವರು ಅದಾರ, ಖರೆ. ಆದ್ರ ಯಾರ ಕಡೆ ಅದಾರ ಅಂತ ನಾ ಹೇಳಲಾರೆ" ಎಂದರು.

ಕಾವಲು ಕೋಶಗಳೆಲ್ಲ ಒಂದೇ ಬಗೆಯವಲ್ಲವಂತೆ. ಕೆಲವು ಗಂಟನ್ನು ಕೊಲ್ಲುತ್ತವೆ. ಸಿಕ್ಕಿದ್ದನ್ನು ನುಂಗುವ ದಪ್ಪ ಕೋಶಗಳಲ್ಲಿ ಕೆಲವು ಗಂಟಿಗೇ ಅನ್ನ ಹಾಕಿ ಸಾಕುತ್ತವೆ. ನಮ್ಮ ಎಣಿಕೆ ಎರಡನ್ನೂ ಒಟ್ಟಿಗೆ ಸೇರಿಸಿಬಿಡುತ್ತದೆ. ಮದ್ದು ಮುಂದುವರಿಸೋಣವೆಂದರೆ ಅದು ಹೃದಯವನ್ನೇ ಸುಡುವ ಮದ್ದು, ಬೇಡದವಳಿಗೆ ಕೊಟ್ಟರೆ ಅದೇ ಕೊಂದೀತು. ನಿಲ್ಲಿಸಿದರೆ ಗಂಟು ಕೊಂದೀತು. ನನ್ನ ಮಗಳಿಗೆ ಯಾವುದು ಎಂದು ಹೇಳುವವರಿಲ್ಲ.

ಯಾಕಿಲ್ಲ ಗೊತ್ತೇ? ನಿಮ್ಮ ಕಾಲದ ಗಂಟುಗಳ ಚೂರುಗಳು ಮೇಣದಲ್ಲಿ ಹುದುಗಿ ನಮ್ಮ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಇಂದಿಗೂ ಇವೆ. ಯಾವುದರಲ್ಲಿ ಎಂಥ ರೂಪದ ಕಾವಲು ಕೋಶಗಳಿದ್ದವು ಎಂದು ಡಾಕ್ಟರು ಈಗಲೂ ನೋಡಬಲ್ಲರು. ಆದರೆ ಆ ಜನ ಆಮೇಲೆ ಬದುಕಿದರೋ ಸತ್ತರೋ ತಿಳಿಯದು. ಅದು ತಿಳಿದರೆ ತಾನೇ ಯಾವ ರೂಪದ್ದು ಕೊಲ್ಲುತ್ತದೆ, ಯಾವುದು ಸಾಕುತ್ತದೆ ಎಂದು ಗೊತ್ತಾಗುವುದು? ಗುಣವಾದವರು ಆಸ್ಪತ್ರೆಯ ಕಡೆ ತಿರುಗಿಯೂ ನೋಡಲಿಲ್ಲ. ತೀರಿಕೊಂಡವರ ಮನೆಯವರು ಫೋನ್ ಎತ್ತಲಿಲ್ಲ. ನಿಮ್ಮ ಮೇಲೆ ನನಗೆ ಸಿಟ್ಟಿದೆ, ಸುಳ್ಳೇಕೆ ಹೇಳಲಿ.

ಹೊರಗೆ ಕಡುಬಿಗೆ ಹಿಟ್ಟು ನಾದುತ್ತಿದ್ದಾರೆ. ಬಡಿಸಲೋ, ಒಲೆ ಆರಿಸಿ ಎನ್ನಲೋ? ನಿಮ್ಮಲ್ಲಿ ಬೇಡುವುದು ಇಷ್ಟೇ. ಕಾಯಿಲೆ ವಾಸಿಯಾಗಿ ವರ್ಷಗಳ ಮೇಲೆ ಆಸ್ಪತ್ರೆಯವರು ಫೋನ್ ಮಾಡಿ ಹೇಗಿದ್ದೀರಿ ಎಂದು ಕೇಳಿದರೆ, ಎತ್ತಿ, ಚೆನ್ನಾಗಿದ್ದೇನೆ ಎನ್ನಿ. ಮನೆಯ ಮಗಳು ಉಳಿಯದಿದ್ದರೆ, ಅಳುತ್ತಲೇ ಆದರೂ, ಹೋದಳು ಎಂದು ಹೇಳಿ. ಆ ಒಂದು ಮಾತು ನಮಗೆ ಸಿಕ್ಕಿದ್ದರೆ ನಾಳೆ ಏನು ಮಾಡಬೇಕೆಂದು ನನಗೆ ಗೊತ್ತಿರುತ್ತಿತ್ತು.

ಪಾರವ್ವ